ಕಚೇರಿ ಸುದ್ದಿಪತ್ರಕ್ಕೆ ಲಿಸ್ಟ್‌ಮಂಕ್: ಯಾರು ಓದಿಲ್ಲ ಅಂದರೆ ಬಾಯಿ ಬಿಡದ ತಂತ್ರಾಂಶ

ಕಚೇರಿಯ ಸುದ್ದಿಪತ್ರ ಹೋದ ಮರುದಿನ ಮೇಲಿನವರಿಂದ ಎರಡು ಪ್ರಶ್ನೆ ಬರುತ್ತವೆ. ಎಷ್ಟು ಜನ ತೆರೆದು ನೋಡಿದರು? ಯಾರು ನೋಡಿಲ್ಲ? ಸುದ್ದಿಪತ್ರ ಕಳಿಸುವ ತಂತ್ರಾಂಶ ಲಿಸ್ಟ್‌ಮಂಕ್ ಮೊದಲನೆಯದಕ್ಕೆ ಅರ್ಧಂಬರ್ಧ ಉತ್ತರ ಕೊಡುತ್ತದೆ. ಎರಡನೆಯದಕ್ಕೆ, ಬಂದ ಸೆಟ್ಟಿಂಗ್‌ನಲ್ಲೇ ಬಿಟ್ಟರೆ, ಬಾಯಿಯೇ ಬಿಡುವುದಿಲ್ಲ. ಕಚೇರಿ ಕೆಲಸಕ್ಕೆ ಇದನ್ನು ಆರಿಸಿಕೊಳ್ಳಲು ಇದೊಂದೇ ಕಾರಣ ಸಾಕು.

ಬೆಂಗಳೂರಿನ ಜೆರೋಧಾ ಕಂಪನಿಯ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ 2019ರಲ್ಲಿ ಹೊರತಂದ ಮುಕ್ತ ತಂತ್ರಾಂಶ ಇದು. ದುಡ್ಡಿಲ್ಲ, ತಿಂಗಳ ಚಂದಾ ಇಲ್ಲ. ಗೋ ಭಾಷೆಯಲ್ಲಿ ಬರೆದ ಒಂದೇ ಫೈಲು, ಜೊತೆಗೆ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಅಷ್ಟೇ. ಹಾಕಿದ ಮೇಲೆ 9000ನೇ ಪೋರ್ಟಿನಲ್ಲಿ ತೆರೆದುಕೊಳ್ಳುತ್ತದೆ. ಮೇಲ್ ಕಳಿಸುವ ಎಸ್‌ಎಂಟಿಪಿ ಖಾತೆಯನ್ನು ಮಾತ್ರ ನೀವೇ ಕೊಡಬೇಕು.

ಮೊದಲು ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ರೂಟ್ ಯುಆರ್‌ಎಲ್, ಅಂದರೆ ತಂತ್ರಾಂಶದ ಮೂಲ ವಿಳಾಸ, ನೋಡಿ. ಅಲ್ಲಿ ಲೋಕಲ್‌ಹೋಸ್ಟ್ ಅಂತಲೇ ಉಳಿದಿದ್ದರೆ, ಹೊರಡುವ ಪತ್ರದ ಅನ್‌ಸಬ್‌ಸ್ಕ್ರೈಬ್ ಲಿಂಕು, ಎಣಿಕೆಯ ಚುಕ್ಕಿಚಿತ್ರ (ಪತ್ರ ತೆರೆದಾಗ ಸರ್ವರಿನಿಂದ ಇಳಿದು ಲೆಕ್ಕಕ್ಕೆ ಸೇರುವ ಕಾಣದಷ್ಟು ಸಣ್ಣ ಚಿತ್ರ) ಎಲ್ಲವೂ ಓದುಗರ ಸ್ವಂತ ಕಂಪ್ಯೂಟರನ್ನೇ ಹುಡುಕಿಕೊಂಡು ಹೋಗುತ್ತವೆ. ತೆರೆದವರ ಲೆಕ್ಕ (ವ್ಯೂಸ್) ಸೊನ್ನೆ ಬರುತ್ತದೆ, ಬೈಗುಳ ತಂತ್ರಾಂಶಕ್ಕೆ ಬೀಳುತ್ತದೆ. ಸರ್ವರ್ ಕಚೇರಿಯ ಒಳಜಾಲದಲ್ಲಷ್ಟೇ ಸಿಗುವಂತಿದ್ದರೂ ಇದೇ ಪಾಡು: ಮನೆಯಿಂದ ಫೋನಿನಲ್ಲಿ ಓದುವವರು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಪ್ರೈವೆಸಿ ಪುಟ. ಇಂಡಿವಿಜುವಲ್ ಸಬ್‌ಸ್ಕ್ರೈಬರ್ ಟ್ರ್ಯಾಕಿಂಗ್ ಅನ್ನುವ ಗುಂಡಿ ಬರುವಾಗಲೇ ಆಫ್ ಇರುತ್ತದೆ. ಹಾಗಿದ್ದಾಗ ತೆರೆದದ್ದು, ಕ್ಲಿಕ್ ಮಾಡಿದ್ದು ಎಣಿಕೆಯಾಗುತ್ತವೆ, ಹೆಸರು ಅಂಟುವುದಿಲ್ಲ. ಎಣಿಕೆಯ ಲಿಂಕುಗಳಲ್ಲಿ ಓದುಗರ ಗುರುತಿನ ಸಂಖ್ಯೆಯ ಜಾಗಕ್ಕೆ ಬರೀ ಸೊನ್ನೆಗಳು ಕೂರುತ್ತವೆ. ಪತ್ರ ಹೊರಡುವ ಹೊತ್ತಿಗೇ ಇದು ತೀರ್ಮಾನವಾಗಿರುವುದರಿಂದ, ನಾಳೆ ಯಾರಾದರೂ ಬಂದು ಗುಂಡಿ ಒತ್ತಿದರೂ ನಿನ್ನೆ ಹೋದ ಪತ್ರದ ಓದುಗರು ಬಯಲಾಗುವುದಿಲ್ಲ. ಇದಕ್ಕೆ ತೆರುವ ಬೆಲೆ ಒಂದಿದೆ: ಒಬ್ಬರೇ ಹತ್ತು ಸಲ ತೆರೆದರೆ ಹತ್ತು ಅಂತಲೇ ಬೀಳುತ್ತದೆ. ಅದನ್ನು ಸಿಬ್ಬಂದಿಯ ಸಂಖ್ಯೆಯಿಂದ ಭಾಗಿಸಿ "ಶೇಕಡಾ ಇಷ್ಟು ಜನ ಓದಿದರು" ಎಂದು ವರದಿ ಬರೆಯಬೇಡಿ.

ಗುಂಡಿ ಆಫ್ ಇದ್ದರೂ ಗುಟ್ಟು ಸೋರುವ ಕಿಂಡಿಗಳಿವೆ. ಲಿಸ್ಟ್‌ಮಂಕ್‌ನ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಕೂರಿಸಿದ್ದರೆ ಅದರ ಆ್ಯಕ್ಸೆಸ್ ಲಾಗ್ ಪ್ರತಿ ತೆರೆಯುವಿಕೆಯ ಐಪಿ ವಿಳಾಸವನ್ನು, ಹೊತ್ತಿನ ಸಮೇತ ಬರೆದಿಡುತ್ತದೆ. ವಿಪಿಎನ್‌ನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಐಪಿ ಗೊತ್ತುಮಾಡಿರುವ ಕಚೇರಿಯಲ್ಲಿ ಇದು ಹೆಸರು ಬರೆದಿಟ್ಟಂತೆಯೇ. ಕ್ಯಾಂಪೇನ್ ಮತ್ತು ಲಿಂಕ್ ದಾರಿಗಳಿಗೆ ಆ ಲಾಗ್ ನಿಲ್ಲಿಸಿ. ಇನ್ನೊಂದು ಕಿಂಡಿ ಸಣ್ಣ ಪಟ್ಟಿಗಳದ್ದು. ಐದು ಜನರ ತಂಡಕ್ಕೆ ಬೇರೆ ಪಟ್ಟಿ ಮಾಡಿ ಐದೂ ಕ್ಲಿಕ್ ಬಂದರೆ ಗುಟ್ಟೇನು ಉಳಿಯಿತು?

ತೆರೆದವರ ಲೆಕ್ಕವನ್ನೇ ನಂಬಬೇಡಿ ಅನ್ನುವುದಕ್ಕೆ ಕಾರಣ ಹೊರಗಿದೆ. 2021ರ ಸೆಪ್ಟೆಂಬರಿನಲ್ಲಿ ಐಒಎಸ್ 15 ಜೊತೆ ಆ್ಯಪಲ್ ತಂದ ಮೇಲ್ ಪ್ರೈವೆಸಿ ಪ್ರೊಟೆಕ್ಷನ್, ಓದುಗರು ಪತ್ರ ತೆರೆಯದಿದ್ದರೂ ಚಿತ್ರಗಳನ್ನು ತಾನೇ ಎಳೆದುಕೊಳ್ಳುತ್ತದೆ. ಲೆಕ್ಕ ಉಬ್ಬುತ್ತದೆ. ಚಿತ್ರಗಳನ್ನು ತಡೆದಿರುವ ಔಟ್‌ಲುಕ್‌ನಲ್ಲಿ ಪೂರ್ತಿ ಓದಿದವರೂ ಲೆಕ್ಕಕ್ಕಿಲ್ಲ. ಜಿಮೇಲ್ 102 ಕೆಬಿ ದಾಟಿದ ಪತ್ರವನ್ನು ಅಲ್ಲೇ ಕತ್ತರಿಸುತ್ತದೆ. ಚುಕ್ಕಿಚಿತ್ರವನ್ನು ಪತ್ರಕ್ಕೆ ಸೇರಿಸುವ ಟ್ರ್ಯಾಕ್‌ವ್ಯೂ ಟ್ಯಾಗ್ ಪತ್ರದ ಬುಡದಲ್ಲಿದ್ದರೆ ಅದೂ ಕತ್ತರಿಗೆ ಸಿಗುತ್ತದೆ. ಕನ್ನಡದಲ್ಲಿ ಕಳಿಸುವವರು ಇಲ್ಲಿ ಇನ್ನಷ್ಟು ಹುಷಾರಾಗಿರಬೇಕು: ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು, 'ಕ್ಷ' ಒಂದಕ್ಕೇ 9. ಹಾಗಂತ ಬರಹದಿಂದಷ್ಟೇ ಮಿತಿ ದಾಟುವುದು ಅಪರೂಪ. ವರ್ಡ್‌ನಿಂದ ನೇರ ಅಂಟಿಸಿದಾಗ ಜೊತೆಗೆ ಬರುವ ಶೈಲಿಯ ಕಸವೇ ಹೆಚ್ಚು ತೂಕ. ಬರೀ ಪಠ್ಯವಾಗಿ ಅಂಟಿಸಿ, ಟ್ಯಾಗನ್ನು ಟೆಂಪ್ಲೇಟಿನ ತಲೆಭಾಗಕ್ಕೆ ಸರಿಸಿ. ಎಣಿಕೆಯೇ ಬೇಡವಾದರೆ ಆ ಟ್ಯಾಗನ್ನು ಅಳಿಸಿದರೆ ಮುಗಿಯಿತು.

ಕ್ಲಿಕ್ಕು ಸ್ವಲ್ಪ ಗಟ್ಟಿ. ಲಿಂಕಿನ ಕೊನೆಗೆ ಆ್ಯಟ್ ಚಿಹ್ನೆಯೊಂದಿಗೆ ಟ್ರ್ಯಾಕ್‌ಲಿಂಕ್ ಅಂತ ಸೇರಿಸಿದರೆ ಎಣಿಕೆ ಶುರು. ಪತ್ರದ ಅಡಿಯಲ್ಲಿ "ಉಪಯೋಗವಾಯಿತು", "ಆಗಲಿಲ್ಲ" ಎಂಬ ಎರಡು ಲಿಂಕು ಇಡುವುದು ಒಳ್ಳೆಯ ಉಪಾಯ. ಆದರೆ ಮೇಲ್ ತಪಾಸಣೆಯ ಭದ್ರತಾ ತಂತ್ರಾಂಶಗಳು ಓದುಗರಿಗಿಂತ ಮೊದಲೇ ಎಲ್ಲ ಲಿಂಕುಗಳನ್ನೂ ಒತ್ತಿ ನೋಡುವುದುಂಟು. ಪತ್ರ ಹೋದ ಒಂದೆರಡು ನಿಮಿಷದಲ್ಲೇ ಎರಡೂ ಲಿಂಕು ಸಮಸಮ ಏರಿದರೆ ಅದು ಯಂತ್ರದ ಕೈವಾಡ. ಡೇಟಾಬೇಸಿನ ಲಿಂಕ್‌ಕ್ಲಿಕ್ ಕೋಷ್ಟಕದಲ್ಲಿ ಪ್ರತಿ ಕ್ಲಿಕ್ಕಿನ ಹೊತ್ತೂ ಇರುತ್ತದೆ. ಆ ಮೊದಲ ನಿಮಿಷಗಳನ್ನು ಬಿಟ್ಟು ಲೆಕ್ಕ ಹಾಕಬಹುದು.

ಪ್ರೈವೆಸಿ ಪುಟದಲ್ಲೇ ಇನ್ನೆರಡು ಅನುಮತಿಗಳಿವೆ, ಎರಡೂ ಎಡವುವ ಕಲ್ಲುಗಳು. ಬ್ಲಾಕ್‌ಲಿಸ್ಟ್‌ಗೆ ಅನುಮತಿ ಕೊಟ್ಟರೆ, ಬೇಸತ್ತ ನೌಕರರೊಬ್ಬರು ಅದನ್ನು ಒತ್ತಿದ ದಿನದಿಂದ ಲಿಸ್ಟ್‌ಮಂಕ್‌ನ ಯಾವ ಪಟ್ಟಿಯ ಪತ್ರವೂ ಅವರಿಗೆ ಹೋಗದು. ಹಾಗಾಗಿ ಸಂಬಳ, ಸುರಕ್ಷತೆಯ ಸೂಚನೆಗಳನ್ನು ಇದರಲ್ಲಿ ಕಳಿಸಲೇಬೇಡಿ. ವೈಪ್‌ಗೆ ಅನುಮತಿ ಕೊಟ್ಟರೆ, ಅದನ್ನು ಒತ್ತಿದವರ ದಾಖಲೆ ಪೂರ್ತಿ ಅಳಿಯುತ್ತದೆ, ಆದರೆ ಮುಂದಿನ ತಿಂಗಳು ಎಚ್‌ಆರ್ ಕೊಟ್ಟ ಹೆಸರುಗಳ ಸಿಎಸ್‌ವಿ ಫೈಲು ಹಾಕಿದಾಗ ಅದೇ ಹೆಸರು ಹೊಸದಾಗಿ ಒಳಗೆ ಬರುತ್ತದೆ. ಆಮದು ಮಾಡುವಾಗ ಓವರ್‌ರೈಟ್ ಗುರುತು ಹಾಕಿದರಂತೂ ಪಟ್ಟಿ ಬಿಟ್ಟುಹೋದವರೂ ಮರಳಿ ಸೇರಿಬಿಡಬಹುದು. ಆ ಗುರುತು ತೆಗೆದೇ ಮುಂದುವರಿಯಿರಿ.

ವೇಗಕ್ಕೆ ಕೊರತೆಯಿಲ್ಲ, ಅತಿ ವೇಗವೇ ತೊಂದರೆ. ಮೈಕ್ರೋಸಾಫ್ಟ್ 365 ಖಾತೆಯಿಂದ ನಿಮಿಷಕ್ಕೆ 30 ಪತ್ರ ಮಾತ್ರ. ಪರ್ಫಾರ್ಮೆನ್ಸ್ ಪುಟದ ಸ್ಲೈಡಿಂಗ್ ವಿಂಡೋದಲ್ಲಿ 1 ನಿಮಿಷಕ್ಕೆ 30 ಎಂದು ಬರೆದರೆ 600 ಜನರಿಗೆ 20 ನಿಮಿಷ ಹಿಡಿಯುತ್ತದೆ. ಬರೆಯದಿದ್ದರೆ ತಪ್ಪುಗಳ ಸಾಲು ಬೀಳುತ್ತದೆ.

2024ರ 4ನೇ ಆವೃತ್ತಿಗೆ ಮೊದಲು ಎಲ್ಲರಿಗೂ ಒಂದೇ ಅಡ್ಮಿನ್ ಪಾಸ್‌ವರ್ಡ್. ಈಗ ಪತ್ರ ಬರೆಯುವವರಿಗೆ ಚಂದಾದಾರರ ಪಟ್ಟಿ ಕಾಣದ ಹಾಗೆ ಪಾತ್ರ ಕೊಡಬಹುದು. ಹಳೆಯದನ್ನೇ ಓಡಿಸುತ್ತಿರುವವರು ಬ್ಯಾಕಪ್ ತೆಗೆದು ಮೇಲೇರುವುದು ಲೇಸು. ಬ್ಯಾಕಪ್ ನೋಡಿಕೊಳ್ಳಲು, ಪತ್ರ ನಿಜಕ್ಕೂ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ ದಾಖಲೆ ಸರಿಪಡಿಸಲು ಒಬ್ಬರೂ ಇಲ್ಲದ ಕಚೇರಿಗೆ ಇದು ಹೇಳಿಮಾಡಿಸಿದ್ದಲ್ಲ. ಇನ್ನೊಂದು ಮಾತು: ಪತ್ರವನ್ನು ಫಾರ್ವರ್ಡ್ ಮಾಡಿಸಿಕೊಂಡವರು ಕೆಳಗಿನ ಅನ್‌ಸಬ್‌ಸ್ಕ್ರೈಬ್ ಬಳಸಿದರೆ ಪಟ್ಟಿಯಿಂದ ಹೊರಬೀಳುವವರು ಕಳಿಸಿದ ಸಹೋದ್ಯೋಗಿ. ಆ ಲಿಂಕಿನಲ್ಲಿ ಅವರದೇ ಗುರುತಿರುತ್ತದೆ, ಟ್ರ್ಯಾಕಿಂಗ್ ಆಫ್ ಇದ್ದರೂ.