ಕಾರ್ಬುರೇಟರ್ ಸ್ಪ್ಲೆಂಡರ್ ಪ್ಲಸ್: ಪಿಕಪ್ ಬಿದ್ದಾಗ ಬೋರ್‌ಗೆ ಕೈ ಹಾಕುವ ಮುನ್ನ

97.2 ಸಿಸಿ ಇಂಜಿನ್, ಸುಮಾರು ಎಂಟು ಅಶ್ವಶಕ್ತಿ. ಇಷ್ಟು ಸಣ್ಣ ಇಂಜಿನ್‌ನಲ್ಲಿ ಸ್ವಲ್ಪ ಬಲ ಕುಂದಿದರೂ ಏರಿನಲ್ಲಿ ತಕ್ಷಣ ಗೊತ್ತಾಗುತ್ತದೆ. ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ದಿಬ್ಬ ಮೂರನೆಯದನ್ನು ಕೇಳುತ್ತದೆ, ಹಿಂದೆ ಒಬ್ಬರು ಕೂತರೆ ಎರಡನೆಯದನ್ನು. ಗ್ಯಾರೇಜಿಗೆ ಹೋದರೆ ‘ಬೋರ್ ಹೋಗಿದೆ’, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ ಸವೆದಿದೆ, ಎಂಬ ಮಾತು ಬಲು ಬೇಗ ಬರುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬರುವ ಮೊದಲಿನ ಕಾರ್ಬುರೇಟರ್ ಗಾಡಿಯನ್ನು ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಎಣ್ಣೆ ಸರಿಯಾಗಿ ಬದಲಿಸಿದ್ದರೆ ಪಿಸ್ಟನ್, ರಿಂಗ್ ಸವೆಯುವುದು ಎಲ್ಲಕ್ಕಿಂತ ಕೊನೆಗೆ. ಕಾರಣವನ್ನು ಮೊದಲು ಹೊರಗೆ ಹುಡುಕಬೇಕು.

ಇಂಜಿನ್ ಮುಟ್ಟುವ ಮೊದಲು ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ತಿರುಗಿಸಿ. ತಡೆದು ತಡೆದು ನಿಂತರೆ ಬ್ರೇಕ್ ಹಿಡಿದುಕೊಂಡಿದೆ. ಸ್ವಲ್ಪ ದೂರ ಬ್ರೇಕ್ ಒತ್ತದೆ ಓಡಿಸಿ ಬಂದು ಡ್ರಮ್ ಹತ್ತಿರ ಕೈ ಹಿಡಿದರೆ ಬಿಸಿಯೇ ಹೇಳುತ್ತದೆ. ಟೈರಿನ ಗಾಳಿ, ಚೈನಿನ ಬಿಗಿ ಆಗಲೇ ನೋಡಿ ಮುಗಿಸಿ. ಆಮೇಲೆ ಕ್ಲಚ್. ಏರಿನಲ್ಲಿ ಮೇಲಿನ ಗೇರಿನಲ್ಲಿ ಒಮ್ಮೆಲೇ ರೇಸ್ ಕೊಟ್ಟಾಗ ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಆಟ ಇರಲೇಬೇಕು. ಕಾರಿನ ಎಣ್ಣೆ ಹಾಕಿದ್ದರೂ ಪ್ಲೇಟುಗಳು ಜಾರಬಹುದು. ಡಬ್ಬಿಯ ಮೇಲೆ ಜಾಸೋ ಎಂಎ ಎಂಬ ಗುರುತು ನೋಡಿಯೇ ಕೊಳ್ಳಿ.

ಹೊರಟಾಗ ಚೆನ್ನಾಗಿದ್ದು, ಸ್ವಲ್ಪ ಹೊತ್ತು ಓಡಿದ ಮೇಲೆ ಉಸಿರು ಕಟ್ಟಿದಂತೆ ಆಗುತ್ತದೆಯೇ? ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿರಂಧ್ರ ಧೂಳಿನಿಂದ ಮುಚ್ಚಿದೆ. ಅದಲ್ಲವಾದರೆ ಕಾರ್ಬುರೇಟರ್ ಬೌಲ್‌ನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಪೆಟ್ರೋಲನ್ನು ಪಾರದರ್ಶಕ ಬಾಟಲಿಗೆ ಹಿಡಿಯಿರಿ. ಇಂಜಿನ್ ತಣ್ಣಗಿರಲಿ, ಹತ್ತಿರ ಬೆಂಕಿ ಬೇಡ. ಧಾರೆ ನಿಲ್ಲದೆ ಬರಬೇಕು. ಸಣ್ಣಗಾಗಿ ತೊಟ್ಟಿಕ್ಕಿದರೆ ಪೆಟ್ರೋಲ್ ಕಾಕ್‌ನ ಜಾಲರಿಯೋ ಫ್ಲೋಟ್ ಸೂಜಿಯೋ ಕಟ್ಟಿದೆ. ತಳದಲ್ಲಿ ಗುಂಡಗೆ ಉರುಳಾಡುವುದು ನೀರು. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರಿಕೊಳ್ಳುತ್ತದೆ, ಆದ್ದರಿಂದ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸಿದ ಗಾಡಿಗೆ ಈ ಪರೀಕ್ಷೆ ತಪ್ಪಿಸಬೇಡಿ. ಕಾರ್ಬುರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗೆ ತಂತಿ ಚುಚ್ಚಬಾರದು, ತೂತು ದೊಡ್ಡದಾದರೆ ಮೈಲೇಜು ಶಾಶ್ವತವಾಗಿ ಹೋಯಿತು. ಕಾರ್ಬ್ ಕ್ಲೀನರ್, ಗಾಳಿ ಸಾಕು.

ಎಣ್ಣೆ ಲೇಪಿಸಿದ ಕಾಗದದ ಏರ್ ಫಿಲ್ಟರನ್ನು ತೊಳೆಯುವುದೂ ಇಲ್ಲ, ಗಾಳಿ ಊದುವುದೂ ಇಲ್ಲ, ಬದಲಿಸುವುದಷ್ಟೇ. ಪ್ಲಗ್ ತುದಿ ಇಟ್ಟಿಗೆಯ ಕಂದು ಬಣ್ಣಕ್ಕಿದ್ದರೆ ಸರಿ. ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಗಾಳಿ ಕಡಿಮೆ, ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಎಣ್ಣೆ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ಅನುಮಾನ.

ಇನ್ನು ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಣ್ಣ ಗ್ಯಾಪ್. ಹೆಚ್ಚು ಜನ ತಪ್ಪು ತಿಳಿದಿರುವುದು ಇಲ್ಲಿಯೇ. ಟಕಟಕ ಸದ್ದು ಬೇಡವೆಂದು ಬಿಗಿ ಮಾಡಿಸಿಕೊಂಡು ಬರುತ್ತಾರೆ, ಇಂಜಿನ್ ಮೆತ್ತಗಾಯಿತೆಂದು ಸಂತೋಷಪಡುತ್ತಾರೆ. ವಾಲ್ವ್ ಸೀಟಿನಲ್ಲಿ ಕೂರುತ್ತಾ ಕೂರುತ್ತಾ ಸವೆದು ಮೇಲೇರುವುದರಿಂದ ಗ್ಯಾಪ್ ತಾನಾಗಿಯೂ ಕಡಿಮೆಯಾಗಬಹುದು. ಗ್ಯಾಪ್ ಇಲ್ಲದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಸೋರುತ್ತದೆ. ವಾಲ್ವ್ ತನ್ನ ಬಿಸಿಯನ್ನು ಹೆಡ್‌ಗೆ ದಾಟಿಸುವುದೇ ಮುಖ್ಯವಾಗಿ ಆ ಸೀಟಿನ ಮೂಲಕ; ಸರಿಯಾಗಿ ಕೂರದ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ. ಸಣ್ಣ ಸದ್ದಿರುವ ಟ್ಯಾಪೆಟ್ಟೇ ಆರೋಗ್ಯದ ಲಕ್ಷಣ.

ರಾತ್ರಿಯಿಡೀ ತಣ್ಣಗಾದ ಇಂಜಿನ್‌ನಲ್ಲೇ ಇದನ್ನು ನೋಡಬೇಕು. ಎಡಗಡೆ ಮ್ಯಾಗ್ನೆಟ್ ಕವರಿನ ಎರಡೂ ಮುಚ್ಚಳ ತೆಗೆದು, ಫ್ಲೈವೀಲನ್ನು ಅಪ್ರದಕ್ಷಿಣವಾಗಿ ತಿರುಗಿಸಿ ‘ಟಿ’ ಗುರುತನ್ನು ಕವರಿನ ಗುರುತಿಗೆ ಸೇರಿಸಿ. ಹೆಡ್‌ನ ಟ್ಯಾಪೆಟ್ ಮುಚ್ಚಳ ತೆಗೆದಾಗ ಕಾಣುವ ಎರಡೂ ರಾಕರ್ ಬೆರಳಿಗೆ ಸ್ವಲ್ಪ ಅಲುಗಾಡಬೇಕು. ಅಲುಗದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ಕೈಪಿಡಿಯಲ್ಲಿ ಕೊಟ್ಟ ಗ್ಯಾಪ್ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ, ಕಣ್ಣಂದಾಜು ನಡೆಯದು, ಫೀಲರ್ ಗೇಜ್ ಬೇಕೇ ಬೇಕು. ಗೇಜಿನ ಎಲೆ ತುಸು ಬಿಗಿಯಾಗಿ ಜಾರಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ತಿರುಗುತ್ತದೆ, ಹಾಗಾಗಿ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ಇಷ್ಟಾದರೂ ಬಲ ಬಾರದಿದ್ದರೆ ಮಾತ್ರ ಪ್ಲಗ್ ಬಿಚ್ಚಿ ಆ ತೂತಿಗೆ ಕಂಪ್ರೆಷನ್ ಗೇಜ್. ಕೀ ಆಫ್, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರುವುದು ನಿಲ್ಲುವ ತನಕ ಕಿಕ್ ಹೊಡೆಯಬೇಕು. ನಂತರ ಪ್ಲಗ್ ತೂತಿನಿಂದ ಸಿರಿಂಜಿನಲ್ಲಿ 5 ಎಂಎಲ್ ಇಂಜಿನ್ ಎಣ್ಣೆ ಹಾಕಿ ಮತ್ತೆ ಅಳೆಯಿರಿ. ಈ ಇಂಜಿನ್‌ನ ಸಿಲಿಂಡರ್ ಹೆಚ್ಚುಕಡಿಮೆ ಮಲಗಿಯೇ ಇರುವುದರಿಂದ ಎಣ್ಣೆ ಕೆಳಬದಿಗೆ ಇಳಿದುಬಿಡುತ್ತದೆ. ಗೇಜ್ ಹಾಕುವ ಮೊದಲು ಮೆಲ್ಲಗೆ ನಾಲ್ಕೈದು ಸಲ ಕಿಕ್ಕರ್ ಒತ್ತಿದರೆ ರಿಂಗಿನ ಸುತ್ತ ಹರಡುತ್ತದೆ. ಮುಳ್ಳು ಚೆನ್ನಾಗಿ ಏರಿದರೆ ರಿಂಗ್, ಬೋರ್ ಸವೆದಿವೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಆಗ ಹೆಡ್ ಇಳಿಸಿ ವಾಲ್ವ್ ಗ್ರೈಂಡ್ ಮಾಡಿಸಿದರೆ ಮುಗಿಯಬಹುದು, ಬೋರ್ ಖರ್ಚು ಉಳಿಯುತ್ತದೆ.

ಬೋರ್ ಕೊರೆಸುವುದು ಅನಿವಾರ್ಯವಾದರೆ ಮೊದಲು 0.25 ಮಿ.ಮೀ. ಓವರ್‌ಸೈಜ್‌ಗೆ (ಅಷ್ಟು ದಪ್ಪದ ಪಿಸ್ಟನ್ ಹಿಡಿಯುವಷ್ಟು ಕೊರೆದರೆ) ಸವಕಳಿ ಹೋಗುತ್ತದೆಯೇ ಎಂದು ಅಳೆಸಿ. ಒಮ್ಮೆಗೇ 0.50ಕ್ಕೆ ಹೋದರೆ ಮುಂದಿನ ಒಂದು ಅವಕಾಶ ಕೈತಪ್ಪುತ್ತದೆ. ಪಿಸ್ಟನ್ ಮೊದಲೇ ಕೊಂಡು ಲೇತ್ ಅಂಗಡಿಯವರ ಕೈಗೆ ಕೊಡಿ, ಆ ಪಿಸ್ಟನ್ನನ್ನೇ ಅಳೆದು ಬೋರ್ ಮಾಡಲಿ.