ಪಕ್ಕದಲ್ಲಿ ಕೂತು ನೋಡಿದ್ದು, ದೂರದಿಂದ ಎಣಿಸಿದ್ದು: ಪ್ರವೇಶ ವೆಬ್‌ಸೈಟಿನ ಮೇಲೆ ನಾಲ್ಕು ಪರೀಕ್ಷೆ

ಸ್ನಾತಕೋತ್ತರ ಪ್ರವೇಶದ ವೆಬ್‌ಸೈಟಿಗೆ ಯಾರೂ ಹೊತ್ತು ಕಳೆಯಲು ಬರುವುದಿಲ್ಲ. ಕೊನೆಯ ದಿನಾಂಕ ಯಾವುದು, ಅಂಕಪಟ್ಟಿ ಅಪ್‌ಲೋಡ್ ಮಾಡಿದರೆ ಸಾಕೇ ಅಥವಾ ಮುಚ್ಚಿದ ಲಕೋಟೆಯಲ್ಲಿ ಬರಬೇಕೇ, ಶಿಫಾರಸು ಪತ್ರ ಕಳಿಸುವುದು ಯಾರ ಹೊಣೆ? ಇವುಗಳಲ್ಲಿ ಒಂದು ತಪ್ಪಿದರೂ ಅರ್ಜಿದಾರರ ಒಂದು ವರ್ಷ ಹೋಗಬಹುದು. ಅಂಥದ್ದೊಂದು ವೆಬ್‌ಸೈಟನ್ನು ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಸಮೀಕ್ಷೆ, ಟ್ರೀ ಟೆಸ್ಟ್, ಅವರವರ ಮನೆಯಿಂದಲೇ ಮಾಡುವ ರೆಕಾರ್ಡಿಂಗ್ ಪರೀಕ್ಷೆ, ಪಕ್ಕದಲ್ಲಿ ಕೂತು ಮಾಡುವ ಪರೀಕ್ಷೆ, ಈ ನಾಲ್ಕನ್ನೂ ಮಾಡಿ ನೋಡಿದೆ. ನಾಲ್ಕೂ ಒಂದೇ ಮಾತು ಹೇಳಲಿಲ್ಲ.

ಸಮೀಕ್ಷೆಯೇ ಎಲ್ಲಕ್ಕಿಂತ ಸುಲಭ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಸಿಸ್ಟಮ್ ಯೂಸಬಿಲಿಟಿ ಸ್ಕೇಲ್ ತೆಗೆದುಕೊಂಡೆ; ಒಂದು ವ್ಯವಸ್ಥೆಯನ್ನು ಬಳಸುವುದು ಎಷ್ಟು ಸುಲಭ ಅನಿಸಿತು ಎಂದು ಅಳೆಯುವ ಪ್ರಶ್ನಾವಳಿ ಅದು. ಇರುವುದು ಹತ್ತು ಹೇಳಿಕೆ, ಒಪ್ಪುತ್ತೀರೋ ಇಲ್ಲವೋ ಅನ್ನುವುದಕ್ಕೆ ಐದು ಹಂತ, ಕೊನೆಗೆ 0ಯಿಂದ 100ರೊಳಗೆ ಒಂದು ಅಂಕ. ಅದು ಶೇಕಡಾವಾರು ಅಲ್ಲ. ಸರಾಸರಿ 68ರ ಆಸುಪಾಸು ಎಂದು ಈ ಕೆಲಸದವರು ಹಿಡಿಯುತ್ತಾರೆ. ನಮ್ಮದು ಅದಕ್ಕಿಂತ ಮೇಲೇ ಬಂತು, ಎಲ್ಲರಿಗೂ ಖುಷಿಯಾಯಿತು. ಆದರೆ ಸಮೀಕ್ಷೆಯ ಲಿಂಕನ್ನು ನಾನು ಹಾಕಿದ್ದು ಅರ್ಜಿ ಸಲ್ಲಿಸಿದ ಮೇಲೆ ಬರುವ ಪುಟದಲ್ಲಿ. ಅರ್ಧಕ್ಕೇ ಬಿಟ್ಟುಹೋದವರು ಆ ಪುಟವನ್ನು ನೋಡಿಯೇ ಇರಲಿಲ್ಲ. ದಾಟಿ ಬಂದವರನ್ನು ಮಾತ್ರ ಕೇಳಿ ಹೊಳೆ ಆಳವಿಲ್ಲ ಅಂದುಕೊಂಡ ಹಾಗಾಗಿತ್ತು. ಬದಲಾವಣೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆದು ಹೋಲಿಸಲು ಈ ಅಂಕ ಉಪಯೋಗಕ್ಕೆ ಬರುತ್ತದೆ. ಅದರಿಂದಾಚೆಗೆ ನಾನು ಅದನ್ನು ನಂಬುವುದಿಲ್ಲ.

ಟ್ರೀ ಟೆಸ್ಟ್ ನನಗೆ ಬೇರೆಯದೇ ಪಾಠ ಕಲಿಸಿತು. ಇದರಲ್ಲಿ ಚಿತ್ರ, ಬಣ್ಣ, ಹುಡುಕುವ ಪೆಟ್ಟಿಗೆ ಯಾವುದೂ ಇರುವುದಿಲ್ಲ. ಮೆನುವಿನ ಹೆಸರುಗಳಷ್ಟೇ ಕವಲು ಕವಲಾಗಿ ಕಾಣುತ್ತವೆ, ಕೊಟ್ಟ ಪ್ರಶ್ನೆಗೆ ಉತ್ತರ ಎಲ್ಲಿರಬಹುದೆಂದು ಜನ ಕ್ಲಿಕ್ ಮಾಡುತ್ತಾ ಇಳಿಯಬೇಕು. ಮೊದಲ ಸಲ ನಾನು ಬರೆದ ಪ್ರಶ್ನೆ: 'ಅಸಿಸ್ಟೆಂಟ್‌ಶಿಪ್ ಬಗ್ಗೆ ಮಾಹಿತಿ ಹುಡುಕಿ.' (ಓದುತ್ತಲೇ ವಿಭಾಗದಲ್ಲಿ ಕೆಲಸ ಮಾಡಿ ಹಣ ಪಡೆಯುವ ವ್ಯವಸ್ಥೆಗೆ ಆ ಹೆಸರು.) ಬಹುತೇಕ ಎಲ್ಲರೂ ಸರಿಯಾದ ಜಾಗಕ್ಕೇ ಹೋದರು. ಹೋಗದೆ ಏನು? ಮೆನುವಿನಲ್ಲೂ ಅದೇ ಪದವಿತ್ತು, ಪದಕ್ಕೆ ಪದ ಜೋಡಿಸಿದ್ದರು ಅಷ್ಟೇ. ಎರಡನೇ ಸಲ ಹೀಗೆ ಬದಲಿಸಿದೆ: 'ಓದಲು ನಿಮ್ಮ ಕೈಯಲ್ಲಿ ಅಷ್ಟು ಹಣವಿಲ್ಲ. ಓದುತ್ತಲೇ ಸಂಪಾದಿಸುವ ದಾರಿ ಇದೆಯೇ ನೋಡಿ.' ಆಗ ಜನ ದಿಕ್ಕಿಗೊಬ್ಬರಂತೆ ಚದುರಿದರು. ಕೆಲವರು 'ಶುಲ್ಕ' ತೆರೆದರು, ಕೆಲವರು 'ವಿದ್ಯಾರ್ಥಿವೇತನ', ಇನ್ನು ಕೆಲವರು 'ಉದ್ಯೋಗಾವಕಾಶ'. ನಾವು ಆ ಮಾಹಿತಿಯನ್ನು ಇಟ್ಟಿದ್ದು 'ಈಗಿನ ವಿದ್ಯಾರ್ಥಿಗಳು' ಎಂಬುದರ ಕೆಳಗೆ. ಇನ್ನೂ ಸೇರದವರು ಅದನ್ನು ಯಾಕೆ ತೆರೆಯುತ್ತಾರೆ? ಕಚೇರಿಯ ಭಾಷೆಗೂ ಅರ್ಜಿದಾರರ ಭಾಷೆಗೂ ಇರುವ ಅಂತರವನ್ನು ಇಷ್ಟು ಬೇಗ ತೋರಿಸುವ ವಿಧಾನ ಇನ್ನೊಂದನ್ನು ನಾನು ಕಂಡಿಲ್ಲ. ಪುಟದೊಳಗೆ ಹೋದಮೇಲೆ ಏನಾಗುತ್ತದೆ ಎಂಬುದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ.

ನಿಜವಾದ ಪೈಪೋಟಿ ಉಳಿದ ಎರಡರ ನಡುವೆ. ಎರಡಕ್ಕೂ ಒಂದೇ ಟಾಸ್ಕ್ ಕೊಟ್ಟೆ: ನಿಮಗೆ ಬೇಕಾದ ಕೋರ್ಸಿಗೆ ಅರ್ಜಿಯ ಕೊನೆಯ ದಿನಾಂಕ ಕಂಡುಹಿಡಿಯಿರಿ. ಮನೆಯಿಂದ ರೆಕಾರ್ಡ್ ಮಾಡಿ ಕಳಿಸಿದವರೆಲ್ಲ ಒಂದೊಂದು ದಿನಾಂಕ ಬರೆದು 'ಮುಗಿಯಿತು' ಒತ್ತಿದ್ದರು. ವರದಿಯಲ್ಲಿ ಎಲ್ಲವೂ ಹಸಿರು. ಪಕ್ಕದಲ್ಲಿ ಕೂತಾಗ ಕಂಡದ್ದು ಇದು: ಒಬ್ಬಾಕೆ ಪ್ರವೇಶ ಕಚೇರಿಯ ಪುಟದಲ್ಲಿ ದಿನಾಂಕ ಓದಿದರು, ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ವಿಭಾಗದ ಪುಟ ತೆರೆದರು. ಅಲ್ಲಿ ಆರು ವಾರ ಮುಂಚಿನ ದಿನಾಂಕ. ಮೌಸ್ ನಿಂತಿತು. ಎರಡು ಟ್ಯಾಬ್‌ಗಳ ನಡುವೆ ನಾಲ್ಕೈದು ಸಲ ಹೋಗಿ ಬಂದು, 'ಮೇಲಿನ ಕಚೇರಿಯದ್ದೇ ಸರಿ ಇರಬೇಕು' ಎಂದು ಮೆಲ್ಲಗೆ ಹೇಳಿ ಮುಂದೆ ಹೋದರು. ಸರಿಯಿದ್ದದ್ದು ವಿಭಾಗದ್ದು. ಬಾಯಿಬಿಟ್ಟು ಯೋಚಿಸಿ ಎಂದು ಕೇಳಿಕೊಂಡಿದ್ದರಿಂದ ಆ ಮಾತು ನನ್ನ ಕಿವಿಗೆ ಬಿತ್ತು. ವಾಪಸ್ ಹೋಗಿ ಹಸಿರಾಗಿದ್ದ ರೆಕಾರ್ಡಿಂಗುಗಳನ್ನು ಮತ್ತೆ ನೋಡಿದೆ. ಹಲವರು ಎರಡನೇ ಪುಟ ತೆರೆದೇ ಇರಲಿಲ್ಲ. ಅವರಿಗೆ ತಪ್ಪಿದ್ದೇವೆ ಎಂಬ ಅನುಮಾನವೂ ಬಂದಿರಲಿಲ್ಲ.

ಹಾಗೆಂದು ದೂರದ ಪರೀಕ್ಷೆಯನ್ನು ತಳ್ಳಿಹಾಕಲಾರೆ. ನಾನು ಎದುರಿಗಿದ್ದರೆ ಜನ ಮನೆಯಲ್ಲಿ ತೋರದ ತಾಳ್ಮೆ ತೋರುತ್ತಾರೆ. ಶಿಫಾರಸು ಮಾಡುವವರ ಇಮೇಲ್ ತುಂಬುವ ಪುಟದಲ್ಲಿ ಇದು ಸ್ಪಷ್ಟವಾಯಿತು. ನನ್ನ ಪಕ್ಕದಲ್ಲಿದ್ದವರು ತಡವರಿಸಿದರೂ ಮುಗಿಸಿದರು. ಮನೆಯಿಂದ ಮಾಡಿದವರು 'ಸೇವ್' ಗುಂಡಿಯ ಹತ್ತಿರ ನಿಂತು ಕಿಟಕಿ ಮುಚ್ಚಿಬಿಟ್ಟರು. ಒತ್ತಿದ ಕೂಡಲೇ ಪ್ರಾಧ್ಯಾಪಕರಿಗೆ ಮೇಲ್ ಹೋಗಿಬಿಡುತ್ತದೋ, ಅರ್ಜಿ ಸಲ್ಲಿಸಿದ ಮೇಲೆ ಹೋಗುತ್ತದೋ ಪುಟ ಹೇಳುತ್ತಿರಲಿಲ್ಲ. ಇನ್ನೂ ಕೇಳಿಯೇ ಇರದ ಗುರುಗಳಿಗೆ ಏಕಾಏಕಿ ಮೇಲ್ ಹೋಗುವುದು ಯಾರಿಗೆ ಬೇಕು?

ಪರೀಕ್ಷೆಗೆ ಐದು ಜನ ಸಾಕು ಎಂಬ ಮಾತು ಈ ಕೆಲಸದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಸಂಶೋಧಕರಾದ ನೀಲ್ಸನ್ ಮತ್ತು ಲ್ಯಾಂಡವರ್ 1993ರಲ್ಲಿ ಮಂಡಿಸಿದ ಲೆಕ್ಕದ ಪ್ರಕಾರ ಒಬ್ಬ ಬಳಕೆದಾರನಿಂದ ಸರಾಸರಿ ಶೇ 31ರಷ್ಟು ತೊಂದರೆಗಳು ಕಾಣುತ್ತವೆ, ಐವರಿಂದ ಸುಮಾರು ಶೇ 85. ಆದರೆ ವಿದೇಶದಿಂದ ಅರ್ಜಿ ಹಾಕುವವರ ತೊಡಕು ಬೇರೆ, ಕೆಲಸ ಮಾಡುತ್ತಾ ಓದಲು ಬರುವವರದ್ದು ಬೇರೆ. ಎಲ್ಲರನ್ನೂ ಸೇರಿಸಿ ಐವರನ್ನು ಕೂರಿಸಿದರೆ ಆ ಲೆಕ್ಕ ನಿಲ್ಲದು. ನಾನು ಪ್ರತಿ ಗುಂಪಿನಿಂದಲೂ ಬೇರೆಬೇರೆಯಾಗಿ ಕರೆಯುತ್ತೇನೆ.

ಒಂದೇ ವಾರ ಸಿಕ್ಕರೆ ನನ್ನ ಆಯ್ಕೆ ಪಕ್ಕದಲ್ಲಿ ಕೂರುವುದು. ಎರಡು ವಾರ ಸಿಕ್ಕರೆ ಮೊದಲು ಟ್ರೀ ಟೆಸ್ಟ್, ಯಾಕೆಂದರೆ ಮೆನು ಕೆಟ್ಟಿದ್ದರೆ ಕೂತವರ ಸಮಯವೆಲ್ಲ ದಾರಿ ಹುಡುಕುವುದರಲ್ಲೇ ಕಳೆಯುತ್ತದೆ. ದೂರದ ಪರೀಕ್ಷೆಯನ್ನು ಕೊನೆಗೆ, ತಿದ್ದಿದ ಪುಟಗಳ ಮೇಲೆ ಇಡುತ್ತೇನೆ. ಈ ಸಲ ಹಾಗೇ ಮಾಡಿದೆವು: 'ಸೇವ್' ಗುಂಡಿಯ ಮೇಲೆ 'ಈಗ ಯಾರಿಗೂ ಮೇಲ್ ಹೋಗುವುದಿಲ್ಲ' ಎಂಬ ಒಂದು ಸಾಲು ಸೇರಿಸಿ ಮತ್ತೆ ಕಳಿಸಿದಾಗ, ಆ ಗುಂಡಿಯ ಹತ್ತಿರ ಯಾರೂ ಕಿಟಕಿ ಮುಚ್ಚಲಿಲ್ಲ. ಎರಡು ದಿನಾಂಕಗಳ ವಿಷಯ ಮಾತ್ರ ಇನ್ನೂ ಕಚೇರಿ ಮತ್ತು ವಿಭಾಗಗಳ ನಡುವಿನ ಚರ್ಚೆಯಲ್ಲೇ ಇದೆ. ಎರಡು ಟ್ಯಾಬ್‌ಗಳ ನಡುವೆ ಹೋಗಿ ಬಂದ ಆಕೆಯ ರೆಕಾರ್ಡಿಂಗನ್ನು ಮುಂದಿನ ಸಭೆಯಲ್ಲಿ ಎಲ್ಲರಿಗೂ ಹಾಕಿ ತೋರಿಸಲು ಒಪ್ಪಿಗೆ ಪಡೆದಿದ್ದೇನೆ.