ಗ್ರೈಂಡರ್ ಮುಂದೆ ಮೂರು ವರ್ಷ: ಎರಡು ಫಿಲ್ಟರಿನ ರಬ್ಬರ್ ಮಾಸ್ಕ್ ಬಳಸಿದ ಅನುಭವ

ತುಮಕೂರಿನ ನಮ್ಮ ಮನೆಯ ಹಿತ್ತಲಲ್ಲಿ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ತಗಡಿನ ಶೆಡ್ ಇದೆ. ಶನಿವಾರ ಭಾನುವಾರ ಅಲ್ಲಿ ಕಬ್ಬಿಣದ ಕೆಲಸ ಮಾಡುತ್ತೇನೆ. ಹೂಕುಂಡದ ಸ್ಟ್ಯಾಂಡು, ಕಿಟಕಿ ಗ್ರಿಲ್ಲು, ತೋಟದವರು ತಂದುಕೊಡುವ ಮಚ್ಚು ಕುಡುಗೋಲುಗಳಿಗೆ ಸಾಣೆ, ಇಷ್ಟೇ. ಇರುವುದು ನಾಲ್ಕಿಂಚಿನ ಒಂದು ಗ್ರೈಂಡರ್, ಒಂದು ವೆಲ್ಡಿಂಗ್ ಮಷಿನ್.

ಒಂದು ಮಳೆಗಾಲದಲ್ಲಿ ಹೆಂಡತಿ ನನ್ನ ಬಿಳಿ ಪಂಚೆ ಹಿಡಿದುಕೊಂಡು ಬಂದಳು. "ನೋಡ್ರೀ, ಸಾಸಿವೆ ಚೆಲ್ಲಿದ ಹಾಗಿದೆ. ಎಷ್ಟು ಉಜ್ಜಿದರೂ ಹೋಗ್ತಿಲ್ಲ." ಕಂದು ಬಣ್ಣದ ಸಣ್ಣ ಚುಕ್ಕಿಗಳು. ಬಟ್ಟೆ ಒಣಹಾಕುವ ತಂತಿ ಶೆಡ್ಡಿನಿಂದ ಹದಿನೈದು ಅಡಿ ದೂರದಲ್ಲಿದೆ. ಒಗೆಯುವ ಕಲ್ಲಿನ ಮೇಲೂ ತುಳಸಿ ಕಟ್ಟೆಯ ಸುಣ್ಣದ ಮೇಲೂ ಅದೇ ಚುಕ್ಕಿ. ಕಬ್ಬಿಣದ ಪುಡಿ ಹಾರಿ ಬಂದು ಕೂತಿದೆ, ನೀರು ತಗುಲಿ ತುಕ್ಕು ಹಿಡಿದಿದೆ. ಕಣ್ಣಿಗೆ ಕಾಣುವಷ್ಟು ದಪ್ಪ ಪುಡಿಯೇ ಅಷ್ಟು ದೂರ ಬಂದಿತ್ತು. ಕಾಣದ್ದು ಎಲ್ಲಿಗೆ ಹೋಗಿರುತ್ತದೆ ಎಂದು ಆಗ ಯೋಚನೆ ಶುರುವಾಯಿತು. ಕೆಲಸ ಮಾಡಿದ ದಿನ ಸಂಜೆ ಮೂಗು ಸೀಟಿದರೆ ಕರ್ಚೀಫಿನ ಮೇಲೆ ಕಪ್ಪು ಬೀಳುತ್ತಿತ್ತು. ಅಷ್ಟು ದಿನ ಅದನ್ನು ಕೆಲಸದ ಭಾಗ ಎಂದುಕೊಂಡು ಸುಮ್ಮನಿದ್ದೆ.

ಅದುವರೆಗೆ ಮುಖಕ್ಕೆ ಕಟ್ಟುತ್ತಿದ್ದದ್ದು ಟವೆಲ್ಲು. ಕೊರೋನಾ ಬಂದ ಮೇಲೆ ಮನೆಯಲ್ಲಿ ರಾಶಿ ಬಿದ್ದಿದ್ದ ನೀಲಿ ಮಾಸ್ಕು. ಕೆಲಸ ಮುಗಿಸಿ ಆ ನೀಲಿ ಮಾಸ್ಕ್ ತೆಗೆದು ನೋಡಿದರೆ ಮಧ್ಯದ ಭಾಗ ಹೆಚ್ಚುಕಡಿಮೆ ಬೆಳ್ಳಗೇ ಇರುತ್ತಿತ್ತು, ಮೂಗಿನ ಎರಡು ಪಕ್ಕ ಮತ್ತು ಕೆನ್ನೆಯ ಅಂಚಿನಲ್ಲಿ ಕರಿ ಗೆರೆ. ಗಾಳಿ ಬಟ್ಟೆಯ ಮೂಲಕ ಬರುತ್ತಲೇ ಇರಲಿಲ್ಲ, ಪಕ್ಕದ ಸಂದಿಯಿಂದ ನುಗ್ಗುತ್ತಿತ್ತು.

ಬೆಂಗಳೂರಿಗೆ ಹೋದಾಗ ಎಸ್.ಜೆ.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಅರ್ಧ ಮುಖ ಮುಚ್ಚುವ, ಎರಡು ಕಡೆ ಫಿಲ್ಟರ್ ತಿರುಗಿಸಿ ಹಾಕುವ ರಬ್ಬರ್ ಮಾಸ್ಕ್ ಕೊಂಡೆ. ಫಿಲ್ಟರ್ ಸೇರಿ ಎರಡೂವರೆ ಸಾವಿರದ ಹತ್ತಿರ ಆಯಿತು. "ಮನೆ ಕೆಲಸಕ್ಕೆ ಇಷ್ಟು ದುಡ್ಡು ಯಾಕೆ ಸಾರ್, ಐವತ್ತು ರೂಪಾಯಿದು ಸಾಕು" ಎಂದರು ಅಂಗಡಿಯವರು. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ನಮೂನೆಯನ್ನು ಹಲವು ಕಂಪನಿಗಳು ಮಾಡುತ್ತವೆ, ನೋಡಬೇಕಾದದ್ದು ಫಿಲ್ಟರಿನ ಮೇಲಿನ ಗುರುತನ್ನು. ಅಮೆರಿಕದ ಮಾನದಂಡವಾದರೆ ಪಿ100, ಯುರೋಪಿನದಾದರೆ ಪಿ3. ಎನ್95 ಎಂದರೆ ಪರೀಕ್ಷೆಯ ಸಣ್ಣ ಕಣಗಳಲ್ಲಿ ಕನಿಷ್ಠ ಶೇ. 95ನ್ನು ತಡೆಯುವಂಥದ್ದು, ಪಿ100 ಎಂದರೆ ಶೇ. 99.97. ಬಿಸಾಡುವ ಮಾಸ್ಕೇ ಸಾಕು ಎನ್ನುವವರು ಅದರ ಮೇಲೆ ನಮ್ಮ ಭಾರತೀಯ ಮಾನದಂಡದ ಗುರುತಾದ ಐಎಸ್ 9473 ಮತ್ತು ಎಫ್‌ಎಫ್‌ಪಿ2 ಅಥವಾ ಎಫ್‌ಎಫ್‌ಪಿ3 ಎಂದು ಅಚ್ಚಾಗಿದೆಯೇ ನೋಡಿ.

ಆದರೆ ಮೂರು ವರ್ಷದಲ್ಲಿ ನನಗೆ ಮನವರಿಕೆಯಾದದ್ದು ಇಷ್ಟು: ಆ 99.97 ಫಿಲ್ಟರಿನ ಲೆಕ್ಕ, ನನ್ನ ಮೂಗಿನ ಲೆಕ್ಕ ಬೇರೆ. ಸರಿಯಾಗಿ ಕೂತ ಅರ್ಧ ಮುಖದ ಮಾಸ್ಕಿಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಕೊಟ್ಟಿರುವ ಅಂಕ ಹತ್ತು. ಹೊರಗಿನ ಧೂಳಿನ ಹತ್ತರಲ್ಲೊಂದು ಭಾಗ ಒಳಗೆ ಬರಬಹುದು ಎಂದೇ ಅವರು ಲೆಕ್ಕ ಹಿಡಿಯುತ್ತಾರೆ. ಫಿಲ್ಟರ್ ಅಷ್ಟು ಬಿಗಿಯಾಗಿದ್ದೂ ಹತ್ತಕ್ಕೆ ಇಳಿಯುವುದಕ್ಕೆ ದೊಡ್ಡ ಕಾರಣ ರಬ್ಬರು ಚರ್ಮಕ್ಕೆ ಕೂರುವ ಆ ಅಂಚು. ನನಗೆ ಹದಿನೈದು ವರ್ಷದಿಂದ ಗಡ್ಡವಿತ್ತು. ಮಾಸ್ಕ್ ತಂದ ಮೊದಲ ವಾರ ಗಡ್ಡದ ಮೇಲೇ ಹಾಕಿಕೊಂಡೆ, ಸಂಜೆ ಕರ್ಚೀಫು ಮತ್ತೆ ಕಪ್ಪು. ಗಡ್ಡ ತೆಗೆಸಿದೆ. ಕರ್ಚೀಫು ಬೆಳ್ಳಗಾಯಿತು. ಈಗಲೂ ಶನಿವಾರ ಬೆಳಿಗ್ಗೆ ಶೇವ್ ಮಾಡಿಕೊಂಡೇ ಶೆಡ್ಡಿಗೆ ಹೋಗುತ್ತೇನೆ, ಎರಡು ದಿನದ ಕೂಳೆಯೂ ಸಂದಿ ಬಿಡುತ್ತದೆ.

ಹಾಕಿಕೊಂಡ ತಕ್ಷಣ ಎರಡೂ ಫಿಲ್ಟರನ್ನು ಅಂಗೈಯಲ್ಲಿ ಮುಚ್ಚಿ ಮೆಲ್ಲಗೆ ಉಸಿರು ಎಳೆಯಬೇಕು. ರಬ್ಬರು ಮುಖಕ್ಕೆ ಅಂಟಿ ಸ್ವಲ್ಪ ಒಳಗೆ ಸೇದಿಕೊಂಡು ಹಾಗೇ ನಿಲ್ಲಬೇಕು. ಎರಡನೇ ವರ್ಷ ಒಂದು ದಿನ ಎಷ್ಟು ಎಳೆದರೂ ನಿಲ್ಲಲಿಲ್ಲ. ಪಟ್ಟಿ ಬಿಗಿ ಮಾಡಿದೆ, ಮತ್ತೆ ಹಾಕಿ ನೋಡಿದೆ, ಇಲ್ಲ. ಕೊನೆಗೆ ಉಸಿರು ಬಿಡುವ ಕವಾಟದ ಮುಚ್ಚಳ ಬಿಚ್ಚಿದರೆ, ಕಾಗದದಷ್ಟು ತೆಳುವಾದ ರಬ್ಬರ್ ಬಿಲ್ಲೆಯ ಅಂಚಿನಲ್ಲಿ ಅರ್ಧ ರಾಗಿ ಕಾಳಿನಷ್ಟೂ ಇಲ್ಲದ ಕಬ್ಬಿಣದ ಚೂರು ಸಿಕ್ಕಿಕೊಂಡು ಬಿಲ್ಲೆಯನ್ನು ಎತ್ತಿ ಹಿಡಿದಿತ್ತು. ಬಟ್ಟೆಯಲ್ಲಿ ಒರೆಸಿ ಹಾಕಿದೆ, ಸರಿಹೋಯಿತು. ಅಂಗೈ ಪರೀಕ್ಷೆ ಮಾಡದಿದ್ದರೆ ಅದೆಷ್ಟು ವಾರ ಹಾಗೇ ಕೆಲಸ ಮಾಡುತ್ತಿದ್ದೆನೋ.

ಇನ್ನೊಂದು ಪಾಠ ಕಿಡಿಯದು. ಮೊದಲು ತಂದದ್ದು ಹೊರಗೆ ಕವಚವಿಲ್ಲದ, ಹಪ್ಪಳದ ಹಾಗೆ ತೆಳುವಾದ ಮೆತ್ತನೆ ಫಿಲ್ಟರು. ಹಗುರ, ಉಸಿರಾಟ ಸಲೀಸು. ಆದರೆ ಕಟಿಂಗ್ ವೀಲಿನ ಕಿಡಿ ಬಡಿದು ಅದರ ಮೇಲೆ ಸೂಜಿಮೊನೆಯಂಥ ಸುಟ್ಟ ತೂತುಗಳಾದವು. ಬೆಳಕಿಗೆ ಹಿಡಿದಾಗ ಐದಾರು ಕಂಡವು. ತೂತು ಬಿದ್ದ ಫಿಲ್ಟರಿಗೂ ಟವೆಲ್ಲಿಗೂ ವ್ಯತ್ಯಾಸವಿಲ್ಲ. ಅಂದಿನಿಂದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತಿರುವ ಫಿಲ್ಟರನ್ನೇ ತರುತ್ತೇನೆ. ಕೊಂಚ ಭಾರ, ದುಡ್ಡೂ ಜಾಸ್ತಿ. ಲೋಹದ ಕೆಲಸಕ್ಕೆ ಅದೇ ಸರಿ. ಇದರ ಜೊತೆಗೆ ಕಣ್ಣಿಗೆ ಕನ್ನಡಕ, ಮೇಲೆ ಮುಖದ ಶೀಲ್ಡು ಇದ್ದೇ ಇರಬೇಕು.

ಬರಿ ಕಬ್ಬಿಣದ ಧೂಳಿಗೆ ಇಷ್ಟೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಕಬ್ಬಿಣದ ಪುಡಿ ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶದಲ್ಲಿ ಕೂತು ಎಕ್ಸ್‌ರೇಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ, ವೈದ್ಯರು ಅದನ್ನು ಸಿಡೆರೋಸಿಸ್ ಎನ್ನುತ್ತಾರೆ. ಅದೊಂದೇ ಆದರೆ ತೊಂದರೆ ಕಡಿಮೆಯೇ. ಆದರೆ ನಾವು ಉಜ್ಜುವುದು ಬರಿ ಕಬ್ಬಿಣವನ್ನೇ ಅಲ್ಲವಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ, ನಿಕಲ್ ಇವೆ. ಜಿ.ಐ. ಪೈಪಿನ ಮೇಲೆ ಸತುವಿನ ಲೇಪವಿದೆ, ಅದನ್ನು ಹಾಗೇ ವೆಲ್ಡ್ ಮಾಡಿದರೆ ಎದ್ದ ಹೊಗೆಗೆ ಅದೇ ರಾತ್ರಿ ಚಳಿಜ್ವರ ಬರಬಹುದು. ವೆಲ್ಡಿಂಗ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ತೀರ್ಮಾನಿಸಿತು. ಗ್ರೈಂಡಿಂಗ್ ಚಕ್ರವೂ ಸವೆದು ಪುಡಿಯಾಗುತ್ತದೆ, ಅದೂ ಗಾಳಿಯಲ್ಲೇ ಇರುತ್ತದೆ.

ಎಲ್ಲಕ್ಕಿಂತ ನನಗೆ ಹೆದರಿಕೆ ಹಳೆಯ ಪೇಂಟಿನದು. ಗುಜರಿಯಿಂದ ಬರುವ ಹಳೆ ಕಿಟಕಿ, ಗೇಟುಗಳ ಬಣ್ಣದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನದ್ದನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ ಹಾರಿಸಿದರೆ ಆ ಧೂಳು ಮನೆಯೊಳಗೆ ಹೋಗುತ್ತದೆ, ಮಕ್ಕಳ ಮೆದುಳಿಗೆ ಹಾನಿ. ನಾನೀಗ ಹಳೆ ಪೇಂಟನ್ನು ಗ್ರೈಂಡರಿನಲ್ಲಿ ತೆಗೆಯುವುದನ್ನೇ ಬಿಟ್ಟಿದ್ದೇನೆ. ಪೇಂಟ್ ರಿಮೂವರ್ ಬಳಿದು ಒದ್ದೆ ಇರುವಾಗಲೇ ಕೆರೆದು ತೆಗೆಯುತ್ತೇನೆ, ಅದೂ ಬಯಲಿನಲ್ಲಿ. ರಿಮೂವರ್, ಥಿನ್ನರುಗಳ ಆವಿಯನ್ನು ಈ ಧೂಳಿನ ಫಿಲ್ಟರು ತಡೆಯುವುದಿಲ್ಲ, ಅದಕ್ಕೆ ಇದ್ದಿಲು ತುಂಬಿದ ಬೇರೆ ಕಾರ್ಟ್ರಿಜ್ ಇದೆ. ಅದೇ ಗ್ರೈಂಡರಿನಲ್ಲಿ ಗ್ರಾನೈಟು, ಟೈಲ್ಸು ಕೊಯ್ಯುವವರಂತೂ ನೀರು ಬಿಡದೆ ಕೊಯ್ಯಲೇಬೇಡಿ. ಆ ಬಿಳಿ ಧೂಳಿನ ಸಿಲಿಕಾ ಶ್ವಾಸಕೋಶವನ್ನು ಗಟ್ಟಿ ಮಾಡಿಬಿಡುತ್ತದೆ, ಹಿಂದಿರುಗುವ ದಾರಿಯಿಲ್ಲ.

ನನ್ನ ಶೆಡ್ಡಿನ ತಗಡಿನಲ್ಲಿ ಹಳೆಯ ಮೊಳೆಯ ತೂತುಗಳಿವೆ. ಸಂಜೆ ಐದರ ಹೊತ್ತಿಗೆ ಅವುಗಳಿಂದ ಬಿಸಿಲು ಕೋಲಿನಂತೆ ಇಳಿಯುತ್ತದೆ. ಒಮ್ಮೆ ಗ್ರೈಂಡರ್ ಆರಿಸಿ, ಮಾಸ್ಕ್ ತೆಗೆದು, ಟೀ ಲೋಟ ಹಿಡಿದು ಅಲ್ಲೇ ಕೂತಿದ್ದೆ. ಬಿಸಿಲಿನ ಕೋಲಿನೊಳಗೆ ಬೂದು ಪುಡಿ ನಿಧಾನವಾಗಿ ಸುತ್ತುತ್ತಿತ್ತು. ಲೋಟ ಖಾಲಿಯಾಗಿ ಎಷ್ಟೋ ಹೊತ್ತಾದರೂ ಅದು ಇಳಿದಿರಲಿಲ್ಲ. ಈಗ ಗ್ರೈಂಡರ್ ನಿಲ್ಲಿಸಿದ ಮೇಲೂ ಮಾಸ್ಕ್ ತೆಗೆಯದೆ ಹೊರಗೆ ನಡೆದು ಬರುತ್ತೇನೆ, ಅರ್ಧ ಗಂಟೆ ಬಾಗಿಲು ತೆರೆದಿಟ್ಟು ಫ್ಯಾನ್ ಹಾಕಿಡುತ್ತೇನೆ. ಒಳಗೆ ಪೊರಕೆ ಹಿಡಿಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಕಿಡಿಯ ಹತ್ತಿರ ಇಡಬೇಡಿ, ಒಳಗಿನ ಚೀಲಕ್ಕೆ ಬೆಂಕಿ ಹತ್ತಬಹುದು. ಕೆಲಸದ ಅಂಗಿಯನ್ನು ಬೇರೆಯೇ ಒಗೆಯುತ್ತೇವೆ.

ಕುಂದುಗಳೂ ಇವೆ. ಏಪ್ರಿಲ್, ಮೇ ತಿಂಗಳಲ್ಲಿ ಅರ್ಧ ಗಂಟೆಗೆ ಗದ್ದದ ಕೆಳಗೆ ಬೆವರು ನಿಲ್ಲುತ್ತದೆ, ತೆಗೆದು ಒರೆಸಿ ಮತ್ತೆ ಹಾಕಬೇಕು. ಓದುವ ಕನ್ನಡಕದ ಮೂಗುಪಟ್ಟಿಗೂ ರಬ್ಬರಿಗೂ ಜಗಳ. ಮಾತಾಡಿದರೆ ಯಾರಿಗೂ ತಿಳಿಯುವುದಿಲ್ಲ. ಎರಡು ವರ್ಷಕ್ಕೆ ತಲೆಪಟ್ಟಿಯ ಎಲಾಸ್ಟಿಕ್ ಸಡಿಲಾಯಿತು, ಅದು ಬಿಡಿಯಾಗಿ ಸಿಗುವುದು ಕಷ್ಟ. ಕೊನೆಗೆ ಆನ್‌ಲೈನಿನಲ್ಲಿ ಸಿಕ್ಕಿತು. ಕೊಳ್ಳುವ ಮೊದಲೇ ಪಟ್ಟಿ, ಕವಾಟ ಬಿಡಿಯಾಗಿ ಸಿಗುತ್ತವೆಯೇ ವಿಚಾರಿಸಿಕೊಳ್ಳಿ.

ಫಿಲ್ಟರನ್ನು ಎಷ್ಟು ದಿನಕ್ಕೆ ಬದಲಿಸಬೇಕು ಎಂಬ ಪ್ರಶ್ನೆಗೆ ಉಸಿರೇ ಉತ್ತರ. ಎಳೆಯುವುದು ಭಾರವಾದರೆ, ಒಡೆದರೆ, ಒದ್ದೆಯಾಗಿ ಕೆಟ್ಟರೆ ಬದಲಿಸಬೇಕು. ನನಗೆ ಒಂದು ಜೋಡಿ ಏಳೆಂಟು ತಿಂಗಳು ಬರುತ್ತದೆ. ಅದನ್ನು ತೊಳೆಯಬಾರದು, ಕಂಪ್ರೆಸರ್ ಗಾಳಿ ಹೊಡೆಯಬಾರದು. ರಬ್ಬರಿನ ಭಾಗವನ್ನು ಮಾತ್ರ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಇಡುತ್ತೇನೆ. ಶೆಡ್ಡಿನ ಮೊಳೆಗೆ ನೇತುಹಾಕಿದರೆ ಒಳಮೈಯೇ ಧೂಳು ತುಂಬಿಕೊಳ್ಳುತ್ತದೆ.

ಕಳೆದ ದಸರಾ ರಜೆಯಿಂದ ಐಟಿಐ ಓದುತ್ತಿರುವ ಮಗನೂ ಜೊತೆಗೆ ನಿಲ್ಲುತ್ತಾನೆ. ನನ್ನ ಮಾಸ್ಕ್ ಮೀಡಿಯಂ, ಅವನ ತೆಳು ಮುಖಕ್ಕೆ ಮೂಗಿನ ಪಕ್ಕ ಸಂದಿ ಬಿಡುತ್ತಿತ್ತು. ಅವನಿಗೆ ಸ್ಮಾಲ್ ತಂದೆ. ಅವನು ಎರಡೂ ಅಂಗೈ ಮುಚ್ಚಿ ಉಸಿರೆಳೆದು ತಲೆ ಅಲ್ಲಾಡಿಸಿದ ಮೇಲೆಯೇ ನಾನು ಪ್ಲಗ್ ಹಾಕುವುದು.